ಮೆಣಸಿನಕಾಯಿಯ ಬೇ, ಪೇ, ತೇ

ನಿನ್ನೆ ಕಾಲೇಜಿನ ಬ್ಯಾಗನ್ನು ತಲೆಕೆಳಗು ಮಾಡಿ ಜಾಡಿಸಿದೆ. ಎರಡು ಪೆನ್ನಿನ ಮುಚ್ಚಳ, ಮುದುಡಿದ ಬಸ್ ಟಿಕೆಟು, ಯಾರದೋ ಒಂದು ಕಿವಿಯೋಲೆ ಬಿದ್ದವು. ಯಾರದೋ ಎಂದರೆ ಅಕ್ಕನದೇ, ಅವಳಿಗೆ ಹೇಳಬೇಡಿ. ಕಟ್ಟಕಡೆಗೆ ಒಂದು ಮೆಣಸಿನಕಾಯಿ ಬೀಜ ಬಿತ್ತು. ನಮ್ಮ ರಾಣೆಬೆನ್ನೂರಿನಲ್ಲಿ ಬೀಜಕ್ಕೇನೂ ಬರವಿಲ್ಲ. ನಾಲ್ಕು ಅಂಗಡಿ ದಾಟಿದರೆ ಮೂರರಲ್ಲಿ ಬೀಜವೇ ಮಾರುತ್ತಾರೆ. ಪ್ಯಾಕೆಟ್ಟಿನ ಮೇಲೆ ಮಗುವಿನ ತಲೆಯಷ್ಟು ದೊಡ್ಡ ಟೊಮೆಟೊ ಚಿತ್ರ, ಒಳಗೆ ಎರಡು ಚಿಟಿಕೆ ಬೀಜ. ಆದರೆ ನನ್ನ ಬ್ಯಾಗಿನಿಂದ ಬಿದ್ದದ್ದು ಬಿತ್ತುವ ಬೀಜವಲ್ಲ, ಅದು ನುಕ್ತಾ, ಅಂದರೆ ಉರ್ದು ಅಕ್ಷರದ ಚುಕ್ಕೆ. ಜಗತ್ತಿನಲ್ಲಿ ಉರ್ದುವನ್ನು ಸ್ಲೇಟಿನ ಮೇಲೆ ಕಲಿತವರಿದ್ದಾರೆ, ಪುಸ್ತಕದಲ್ಲಿ ಕಲಿತವರಿದ್ದಾರೆ. ಮೆಣಸಿನಕಾಯಿಯಲ್ಲಿ ಕಲಿತು, ದಿನಗಟ್ಟಲೆ ಕಣ್ಣು ಕೆಂಪಗೆ ಮಾಡಿಕೊಂಡು ತಿರುಗಿದವಳು ನಾನೊಬ್ಬಳೇ ಇರಬೇಕು.

ನಾನು ರುಬೀನಾ. ಮನೆಯಲ್ಲಿ ನಾವು ಆಡುವುದು ಉರ್ದು. ನಾನು ಮಾತಿಗೆ ನಿಂತರೆ ಸ್ಟೇಷನ್ನಿನಲ್ಲಿ ರೈಲು ಬಂದು, ನಿಂತು, ಹೋಗಿಯೂ ಬಿಡುತ್ತದೆ, ನನ್ನ ವಾಕ್ಯ ಮುಗಿದಿರುವುದಿಲ್ಲ. ಆದರೆ ಓದಲು ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಕಡೆ ಇದೇನೂ ಅಪರೂಪವಲ್ಲ. ಅಮ್ಮ ಕಿರಾಣಿ ಚೀಟಿಯನ್ನು "ಆಧಾ ಕಿಲೋ ಶಕ್ಕರ್" ಎಂದು ದುಂಡಗಿನ ಕನ್ನಡದಲ್ಲಿ ಬರೆಯುತ್ತಾಳೆ. ಅಪ್ಪನ ಫೋನಿಗೆ ಬರುವ ಹಬ್ಬದ ಶುಭಾಶಯವೂ ಕನ್ನಡ ಲಿಪಿಯದೇ. ನಮ್ಮದು ಉರ್ದು ನಾಲಿಗೆ, ಕನ್ನಡ ಕೈ. ನಾನಂತೂ ಹೈಸ್ಕೂಲಿನಲ್ಲಿ ಕನ್ನಡ ಪ್ರಬಂಧಕ್ಕೆ ಮೂರು ಸಲ ಮೊದಲ ಬಹುಮಾನ ಪಡೆದವಳು, ಮೂರೂ ಸಲ ಸ್ಟೀಲ್ ಡಬ್ಬಿ ಬಂತು. ಐದು ಸಲ ಎಂದು ಬರೆಯುವವಳಿದ್ದೆ, ಅಮ್ಮ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. ಇಲ್ಲಿ ಬರುವ ಮಾತೆಲ್ಲ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ನಡೆದದ್ದು. ನಿಮಗೆ ತೊಂದರೆ ಬೇಡವೆಂದು ಕನ್ನಡದಲ್ಲೇ ಕೊಡುತ್ತೇನೆ. ಅಷ್ಟು ದೊಡ್ಡ ಮನಸ್ಸು ನನ್ನದು.

ನಮ್ಮ ಮನೆತನದಲ್ಲಿ ಉರ್ದು ಓದಬಲ್ಲವಳು ಒಬ್ಬಳೇ. ಬ್ಯಾಡಗಿಯಲ್ಲಿರುವ ನಾನಿ, ಎಂದರೆ ಅಮ್ಮನ ಅಮ್ಮ. ನಾನಿಯ ಓಣಿಯ ಕೊನೆಯಲ್ಲಿ ಒಂದು ಶೆಡ್ಡಿದೆ. ಅಲ್ಲಿ ಹತ್ತು ಹದಿನೈದು ಹೆಂಗಸರು ಕೆಂಪು ಗುಡ್ಡೆಯ ಸುತ್ತ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಆ ಕಿವಿಗಳಿಗೆ ಕೆಲಸ ಕೊಟ್ಟವಳು ನಾನಿ. ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಉರ್ದು ಪತ್ರಿಕೆಯ ಧಾರಾವಾಹಿಯನ್ನು ಹನ್ನೆರಡು ವರ್ಷ ಗಟ್ಟಿಯಾಗಿ ಓದಿ ಹೇಳಿದಳು. ಅದಕ್ಕೆ ಶೆಡ್ಡಿನಲ್ಲಿ ಕಟ್ಟಳೆಗಳೇ ಇದ್ದವು. ಓದುವವಳು ತೊಟ್ಟು ಮುಟ್ಟಬಾರದು, ಕೇಳುವವರು ತಾವು ಬಿಡಿಸಿದ್ದರಲ್ಲಿ ಒಂದೊಂದು ಮುಷ್ಟಿಯನ್ನು ಅವಳ ಬುಟ್ಟಿಗೆ ಹಾಕಬೇಕು. ಸಂಜೆಗೆ ನಾನಿಯ ಬುಟ್ಟಿಯೂ ಎಲ್ಲರ ಬುಟ್ಟಿಯಷ್ಟೇ ತುಂಬಿರುತ್ತಿತ್ತು. ಮತ್ತೆ, ಪತ್ರಿಕೆಯ ಮೇಲಿನ ಸುತ್ತುಕಾಗದವನ್ನು ಮನೆಯಲ್ಲಿ ಹರಿಯುವಂತಿಲ್ಲ, ಎಲ್ಲರ ಎದುರಿಗೇ ಹರಿಯಬೇಕು. ಓದುವವಳಿಗೆ ಕಥೆ ಮೊದಲೇ ಗೊತ್ತಿದ್ದರೆ ಅವಳ ಮುಖ ನೋಡಿ ಉಳಿದವರು ಕಂಡುಹಿಡಿದು ಬಿಡುತ್ತಾರೆ, ರುಚಿ ಕೆಡುತ್ತದೆ.

ಕಳೆದ ವರ್ಷ ಚಳಿಗಾಲದಲ್ಲಿ ನಾನಿಯ ಕಣ್ಣು ಕೈಕೊಟ್ಟಿತು. ಅದೂ ಎಂಥ ಹೊತ್ತಿನಲ್ಲಿ! ಧಾರಾವಾಹಿಯ ಕೊನೆಯ ಕಂತು ಇರುವ ಸಂಚಿಕೆ ಬಂದು ಗೂಡಿನಲ್ಲಿ ಕುಳಿತಿತ್ತು. ಕಥೆಯಲ್ಲಿ ಮೆಹರ್ ಎಂಬ ಸೊಸೆ, ಅವಳಿಗೊಂದು ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಕಳೆದಿದೆ. ಕದ್ದವರು ಯಾರು? ಅಲ್ಲಿಗೆ ನಿಂತಿತು. ಶೆಡ್ಡು ಎರಡು ಪಕ್ಷವಾಯಿತು. ಅತ್ತೆ ಕದ್ದಿದ್ದಾಳೆ ಎನ್ನುವ ಪಕ್ಷಕ್ಕೆ ಗಂಗವ್ವ ಮುಖ್ಯಸ್ಥೆ. ಮೈದುನ ಕದ್ದಿದ್ದಾನೆ ಎನ್ನುವ ಪಕ್ಷಕ್ಕೆ ಪಕ್ಕದ ಮನೆಯ ಮಮತಾಜ್ ಚಾಚಿ. ಗಂಗವ್ವನ ಮನೆಮಾತು ಕನ್ನಡವೇ. ಆದರೆ ಹನ್ನೆರಡು ವರ್ಷ ನಾನಿಯ ಓದು ಕೇಳಿ, ಉರ್ದುವಿನಲ್ಲಿ ಜಗಳ ತೆಗೆದು ಗೆದ್ದು ಬರುವಷ್ಟು ತಯಾರಾಗಿದ್ದಳು.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಗೆ ಬ್ಯಾಡಗಿಗೆ ಹೋದ ದಿನವೇ ಇಬ್ಬರೂ ನಾನಿಯನ್ನು ಕರೆಯಲು ಬಂದರು.

"ಬೀಬಿ, ನಿನ್ನ ಬುಟ್ಟಿ ಖಾಲಿ ಕುಂತೈತಿ. ಸುಮ್ನ ಬಂದು ಕುಂದ್ರು, ಮುಷ್ಟಿ ನಾವು ಹಾಕ್ತೀವಿ," ಎಂದಳು ಗಂಗವ್ವ.

"ಓದಲಾರ್ದ ಮುಷ್ಟಿ ತಗೊಳ್ಳಾಕ ನಾ ಏನು ದರ್ಗಾದ ಬಾಗಲದಾಗ ಕುಂತೇನೇನು?"

"ಹಂಗಾರ ತೊಟ್ಟರ ಬಿಡಸು ಬಾ," ಎಂದಳು ಮಮತಾಜ್ ಚಾಚಿ.

"ಹನ್ನೆರಡು ವರ್ಷ ಓದಿದಾಕಿ, ಈಗ ನಿಮ್ಮ ಸಾಲಿನ್ಯಾಗ ತೊಟ್ಟು ಹುಡುಕ್ಕೋತ ಕುಂದರಲೇನು? ಬ್ಯಾಡ. ನಾ ಬರಂಗಿಲ್ಲ."

"ಫೋನಿನ್ಯಾಗ ಕಥಿ ಹಚ್ಚಿ ನೋಡಿದ್ವಿ ಬೀಬಿ," ಎಂದಳು ಗಂಗವ್ವ. "ನಿಲ್ಲು ಅಂದ್ರ ನಿಲ್ಲಂಗಿಲ್ಲ ಅದು. ನಾವು ಅಳಾಕತ್ರೂ ಮುಂದ ಓಡ್ತೈತಿ. ಕಡೀಕ ಫೋನಿಗೂ ಒಂದು ಮುಷ್ಟಿ ಹಾಕಬೇಕೇನು ಅಂತ ಜಗಳಾತು."

ಬೆಳಿಗ್ಗೆ ಶೆಡ್ಡಿನ ಹೆಂಗಸರು ಓಣಿಯಲ್ಲಿ ನಗುತ್ತ ಹೋಗುವಾಗ ನಾನಿ ಎದ್ದು ಕಿಟಕಿ ಮುಚ್ಚುವುದನ್ನು ನಾನು ನೋಡಿದ್ದೆ. ಸೆಖೆಗೆ ಜೀವ ಹೋಗುತ್ತಿದ್ದರೂ ಮುಚ್ಚುತ್ತಿದ್ದಳು. ಅದು ನೆನಪಾಯಿತೋ, ಅಥವಾ ಬಾಯಿ ಸುಮ್ಮನಿರಲಾರದ ನನ್ನ ಹಳೆಯ ರೋಗವೋ, ಹೇಳಿಯೇಬಿಟ್ಟೆ.

"ಅದಕ್ಯಾಕ ಇಷ್ಟು ಚಿಂತಿ? ನಾ ಓದ್ತೇನಿ. ಉರ್ದು ಅಂದ್ರ ನಂಗ ನೀರು ಕುಡಿದಂಗ."

"ಖರೇನಽ? ಹಂಗಾರ ನಾಳೆ ಬಾ," ಎಂದಳು ಗಂಗವ್ವ.

"ನಾಳೆ ಆಗಂಗಿಲ್ಲ. ಚಾಳೀಸು ರಾಣೆಬೆನ್ನೂರಾಗ ಬಿಟ್ಟು ಬಂದೇನಿ."

ಚಾಳೀಸು ಎಂದರೆ ಕನ್ನಡಕ. ನಾನು ಹುಟ್ಟಿದಾಗಿನಿಂದ ಕನ್ನಡಕ ಹಾಕಿದವಳಲ್ಲ. ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಪ್ಪತ್ತೆರಡು ದಿನದ ಆಚೆಗಿನ ಒಂದು ಸೋಮವಾರ ಗೊತ್ತು ಮಾಡಿದಳು. ಅದಾಗಿ ಒಂದೆರಡು ವಾರಕ್ಕೆ ಶೆಡ್ಡಿನಲ್ಲಿ ಕಾಯಿಯೇ ಉಳಿಯುವುದಿಲ್ಲ, ಎಲ್ಲರೂ ಬೇರೆ ಬೇರೆ ಕೆಲಸಕ್ಕೆ ಚದುರುತ್ತಾರೆ.

ಅವರು ಹೋದ ಮೇಲೆ ನಾನಿ ಹೇಳಿದಳು: "ಬೇ ಎಲ್ಲೈತಿ, ಪೇ ಎಲ್ಲೈತಿ ಗೊತ್ತಿಲ್ಲ. ನೀರು ಕುಡೀತಾಳಂತ ನೀರು. ಬ್ಯಾಡಗಿ ಕಾಯಿ ನೀನು. ಬಣ್ಣ ಭಾಳ, ಖಾರ ಇಲ್ಲ."

ಈ ಮಾತು ನನಗೆ ನಾಟಿತು. ಖಾರ ಎಷ್ಟಿದೆಯೆಂದು ತೋರಿಸಿಯೇ ಬಿಡುತ್ತೇನೆ ಎಂದು ಅಲ್ಲೇ ಹಟ ಹಿಡಿದೆ. "ಕಲಿಸು ನಾನಿ," ಎಂದೆ.

"ನೀ ಬರದ್ರ ನಂಗ ಕಾಣಂಗಿಲ್ಲ, ನಾ ಬರದ್ರ ನಿಂಗ ತಿಳಿಯಂಗಿಲ್ಲ. ಮೂಲ್ಯಾಗಿನ ಚೀಲ ತಾ."

ಚೀಲದಲ್ಲಿದ್ದದ್ದು ಮನೆಖರ್ಚಿನ ಮೆಣಸಿನಕಾಯಿ. ನಾನಿ ಪಡಸಾಲೆಯ ನೆಲದ ಮೇಲೆ ಒಂದು ಸೊಟ್ಟ ಕಾಯಿಯನ್ನು ಬೆನ್ನು ಕೆಳಗೆ ಮಾಡಿ ಇಟ್ಟಳು. ಪುಟ್ಟ ದೋಣಿಯಂತೆ ಕಂಡಿತು. "ಕೆಳಗ ಒಂದು ಬೀಜ ಇಡು. ಇದು ಬೇ. ಕೆಳಗ ಮೂರು ಇಟ್ರ ಪೇ. ಮ್ಯಾಲ ಎರಡು, ತೇ. ಮ್ಯಾಲ ಮೂರು, ಸೇ."

"ಟ ಎಲ್ಲೈತಿ?"

"ಬೀಜ ತಗದು ಮ್ಯಾಲ ತೊಟ್ಟು ಇಡು. ಟೇ ಆತು."

ನೀವು ಅಚ್ಚಿನ ಪುಸ್ತಕ ಓದಿ ಕಲಿತವರು ಇದನ್ನು ನಂಬಲಿಕ್ಕಿಲ್ಲ. ಆದರೆ ದಾಲ್‌ಗೆ ತೊಟ್ಟು ಇಟ್ಟರೆ ಡಾಲ್, ರೇಗೆ ತೊಟ್ಟು ಇಟ್ಟರೆ ನಾಲಿಗೆ ಮಡಚುವ ಡೇ. ಹನ್ನೆರಡು ವರ್ಷ ಶೆಡ್ಡಿನಲ್ಲಿ ತೊಟ್ಟು ಮುಟ್ಟದವಳು ನನಗೋಸ್ಕರ ತೊಟ್ಟು ಆರಿಸಿ ಆರಿಸಿ ಇಟ್ಟಳು. ಕೊಕ್ಕೆಯಂತೆ ಬಾಗಿದ ಕಾಯಿಯ ಹೊಟ್ಟೆಯಲ್ಲಿ ಒಂದು ಬೀಜವಿದ್ದರೆ ಜೀಮ್, ಮೂರಿದ್ದರೆ ಚೇ, ಹೊಟ್ಟೆ ಖಾಲಿಯಿದ್ದರೆ ಹೇ, ತಲೆಯ ಮೇಲೆ ಒಂದಿದ್ದರೆ ಖೇ. ನಾನು ಜೋಡಿಸಬೇಕು, ನಾನಿ ಬೆರಳಾಡಿಸಿ ಪರೀಕ್ಷೆ ಮಾಡಬೇಕು. ಬೀಜ ಒಂದು ಕೂದಲಷ್ಟು ಸರಿದಿದ್ದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಫ್ಯಾನು ಹಾಕಿದರೆ ಬೀಜ ಹಾರಿ ಪೇಗಳೆಲ್ಲ ಬೇ ಆಗಿಬಿಡುತ್ತಿದ್ದವು. ಹಾಗಾಗಿ ಬ್ಯಾಡಗಿಯ ಆ ಬೇಸಿಗೆಯನ್ನು ಫ್ಯಾನಿಲ್ಲದೆ ಕಳೆದೆ. ಒಮ್ಮೆ ನಾನು ಸೀನಿದೆ, ಅರ್ಧ ವರ್ಣಮಾಲೆ ಹೊಸ್ತಿಲು ದಾಟಿ ಹೋಯಿತು. ಕೋಳಿಯೊಂದು ಬಂದು ಶೀನ್ ಅಕ್ಷರದ ಮೂರೂ ಚುಕ್ಕೆ ತಿಂದುಕೊಂಡು ಹೋಯಿತು.

ನಿಜವಾದ ಕಷ್ಟ ಶುರುವಾದದ್ದು ಉಚ್ಚಾರಣೆಯಲ್ಲಿ. ಕೇಳಲು ಒಂದೇ ಸ, ಆದರೆ ಅಕ್ಷರ ಮೂರು: ಸೇ, ಸೀನ್, ಸ್ವಾದ್. ಜ಼ ಅನ್ನುವುದಕ್ಕೆ ನಾಲ್ಕು. ನಾನು ಕೂಗಾಡಿದೆ. "ಒಂದ ಸ ಸಾಲದೇನು ನಾನಿ? ಯಾರು ಮಾಡ್ಯಾರ ಇದನ್ನ?"

"ನಿನ್ನ ಕನ್ನಡದಾಗ ಎಷ್ಟದಾವು?"

ಶ, ಷ, ಸ. ಮೂರು ಸ್ಟೀಲ್ ಡಬ್ಬಿಯ ಒಡತಿ ಮತ್ತೆ ಕಾಯಿ ಜೋಡಿಸತೊಡಗಿದಳು.

ಖೇ ಮಾತ್ರ ನನಗೆ ಒಂದೇ ದಿನದಲ್ಲಿ ಒಲಿಯಿತು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಆ ಸದ್ದು ಬರಬೇಕು. ಚೀಲ ಕೊಡವಿದಾಗ ಎದ್ದ ಘಾಟಿಗೆ ನಾನು ಕೆಮ್ಮಿದ ಕೆಮ್ಮೇ ಶುದ್ಧ ಖೇ ಆಗಿತ್ತು. "ಬರೋಬ್ಬರಿ!" ಎಂದು ನಾನಿ ತೊಡೆ ತಟ್ಟಿದಳು. ಗೈನ್ ಎಂಬ ಅಕ್ಷರಕ್ಕೆ ಗಂಟಲು ಮುಕ್ಕಳಿಸಿದ ಸದ್ದು ಬೇಕು. ಇನ್ನು ನಮ್ಮ ಮಹಾಪ್ರಾಣಗಳಿಗೆ ಅಲ್ಲಿ ಸ್ವಂತ ಮನೆಯೇ ಇಲ್ಲ. ಕ, ಗ, ಬಗಳ ಪಕ್ಕಕ್ಕೆ ಎರಡು ಕಣ್ಣಿನ ಹೇ ಎಂಬ ಅಕ್ಷರ ಬಂದು ಕೂತರೆ ಖ, ಘ, ಭ ಆಗುತ್ತವೆ. ಎರಡು ಗುಂಡನೆಯ ಕಾಯಿ ಜೋಡಿಸಿ ಅದನ್ನು ಮಾಡಿಟ್ಟೆ. ನಾನಿ ಅದರ ಮೇಲೆ ಬೆರಳಾಡಿಸಿ ಹೇಳಿದಳು: "ಇದರವು ಎರಡೂ ಕಣ್ಣು ಛಲೋ ಅದಾವು ನೋಡು."

ನಾನು ನಗಲಿಲ್ಲ. ನಗದೆ ಇರುವುದು ನನಗೆ ಬಹಳ ಕಷ್ಟದ ಕೆಲಸ, ಆದರೂ ನಗಲಿಲ್ಲ.

ಹತ್ತು ದಿನಕ್ಕೆ ಅಕ್ಷರ ಮುಗಿದವು. ಗೆದ್ದೆ ಎಂದು ಮನೆಯಲ್ಲೆಲ್ಲ ಸಾರಿಕೊಂಡು ಬಂದೆ. ಆಗ ನಾನಿ, ಅಕ್ಷರಗಳು ಕೂಡಿಕೊಂಡಾಗ ಬಾಲ ಕಳೆದುಕೊಳ್ಳುತ್ತವೆ ಎಂಬ ಸುದ್ದಿ ಹೊರಗೆ ಬಿಟ್ಟಳು. ಕಷ್ಟಪಟ್ಟು ಮಾಡಿದ ದೋಣಿಯನ್ನು ಪಟ್ಟನೆ ಮುರಿದು, ತುಂಡನ್ನು ಮುಂದಿನ ಕಾಯಿಗೆ ತಾಗಿಸಿಟ್ಟಳು. ಕೆಲವು ಅಕ್ಷರಗಳಂತೂ ಬಲಗಡೆಯವರ ಕೈ ಹಿಡಿಯುತ್ತವೆ, ಎಡಗಡೆಯವರಿಗೆ ಕೈ ಕೊಡುವುದಿಲ್ಲ. "ನಿಮ್ಮ ದೊಡ್ಡಪ್ಪನಂಗ," ಎಂದಳು ನಾನಿ, "ತಗೋತಾವು, ಕೊಡಂಗಿಲ್ಲ." ಮೇಲೆ ಇನ್ನೊಂದು ಹೊಡೆತ: ಅ, ಇ, ಉ ಎಂಬ ಗಿಡ್ಡ ಸ್ವರಗಳನ್ನು ಬರೆಯುವುದೇ ಇಲ್ಲವಂತೆ. ಓದುವವರೇ ಊಹಿಸಿಕೊಳ್ಳಬೇಕಂತೆ.

"ಬರದ್ರ ಏನಾಗ್ತಿತ್ತು?"

"ಗೊತ್ತಿದ್ದ ಮಾತಿಗೆ ಮಸಿ ಯಾಕ ಖರ್ಚು ಮಾಡ್ಬೇಕು?"

ಓದುವ ಅಭ್ಯಾಸಕ್ಕೆ ಪುಸ್ತಕವಿರಲಿಲ್ಲ. ಹಳೆಯ ಸಂಚಿಕೆಗಳನ್ನೆಲ್ಲ ನಾನಿ ಹರಿದು ಡಬ್ಬಿಗಳ ಕೆಳಗೆ ಹಾಸಿಬಿಟ್ಟಿದ್ದಳು. ಆ ಎಣ್ಣೆ ಕುಡಿದ ಬಿಡಿ ಹಾಳೆಗಳನ್ನೇ ಒಂದೊಂದಾಗಿ ಎಳೆದು ಓದಿದೆ. ಹೊಸ ಸಂಚಿಕೆ ಗೂಡಿನಲ್ಲಿ ಸುತ್ತುಕಾಗದದೊಳಗೆ ಕುಳಿತೇ ಇತ್ತು. ಅದನ್ನು ಗುಟ್ಟಾಗಿ ಬಿಚ್ಚಿ, ಕಂಠಪಾಠ ಮಾಡಿ, ಸರಸರನೆ ಓದಿ ಶೆಡ್ಡನ್ನೇ ದಂಗುಬಡಿಸುವ ಯೋಚನೆ ನನಗೆ ಬಂದಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬಂದಿತ್ತು. ಕೈಯೂ ಹಾಕಿದ್ದೆ. "ಇಡು ಕೆಳಗ," ಎಂದಳು ನಾನಿ, ಅಡುಗೆಮನೆಯಿಂದ, ಬೆನ್ನು ತಿರುಗಿಸಿಕೊಂಡೇ.

ಇನ್ನು ಐದು ದಿನ ಉಳಿದಾಗ ನಾನಿಯನ್ನು ಹಾವೇರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಉರ್ದು ಬೋರ್ಡು ಹುಡುಕುತ್ತಿದ್ದೆ. ಒಂದು ಸಿಕ್ಕಿತು. ಮೊದಲ ಅಕ್ಷರ ಓದುವಷ್ಟರಲ್ಲಿ ಬಸ್ಸು ಮೋಟೆಬೆನ್ನೂರು ದಾಟಿತ್ತು. ಡಾಕ್ಟರು ಬೆಳಕು ಹಾಕಿ ನೋಡಿ, ಕನ್ನಡಕ ಬದಲಿಸಿ ನೋಡಿ, ಕೊನೆಗೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಅಮ್ಮಾ, ಮಂದಿ ಕಾಣ್ತಾರ, ದಾರಿ ಕಾಣ್ತೈತಿ, ಬಣ್ಣಾನೂ ಕಾಣ್ತೈತಿ. ಅಕ್ಷರ ಮಾತ್ರ ಇನ್ನ ಕಾಣಂಗಿಲ್ಲ."

"ದೊಡ್ಡ ಅಕ್ಷರಾನೂ?"

"ಇಲ್ರಿ."

ವಾಪಸು ಬಂದು ಬ್ಯಾಡಗಿಯಲ್ಲಿ ಇಳಿಯುವಾಗ ನಾನಿ, "ಸಾಕು ಬಿಡು ಬೇಟಾ. ಸೋಮವಾರ ಜ್ವರ ಬಂದೈತಿ ಅಂತ ಹೇಳಿಬಿಡು. ಗಂಗವ್ವಗ ನಾ ತಿಳಿಸ್ತೇನಿ," ಎಂದಳು.

ನನಗೆ ಸುಳ್ಳು ಹೇಳಲು ದೊಡ್ಡವರೇ ಅಪ್ಪಣೆ ಕೊಟ್ಟದ್ದು ಜೀವನದಲ್ಲಿ ಅದೊಂದೇ ಸಲ. ನಾನು ಬೇಡವೆಂದೆ. ಮನೆಗೆ ಹೋಗಿ ಚೀಲ ಸುರುವಿ ಕುಳಿತೆ. ಆ ಐದು ದಿನ ಕೆಂಪು ಬೆರಳಿನಿಂದ ಕಣ್ಣೊರೆಸಿಕೊಂಡು ಎಷ್ಟು ಸಲ ಕುಣಿದೆನೋ ಲೆಕ್ಕವಿಲ್ಲ. ಅದರಲ್ಲಿ ಎಷ್ಟು ನೀರು ಮೆಣಸಿನಕಾಯಿಯದು ಎಂಬುದೂ ನಿಮಗೆ ಬೇಕಿಲ್ಲ. ಒಂದು ಹಾಳೆ ಮುಗಿದರೆ ಇನ್ನೊಂದು ಡಬ್ಬಿ ಎತ್ತಿದೆ. ಅಡುಗೆಮನೆಯ ಡಬ್ಬಿಗಳೆಲ್ಲ ನೆಲದ ಮೇಲೆ ಬಂದವು.

ಸೋಮವಾರ ಬಂತು. "ನಿನ್ನ ಹಿಂದ ನಾನೂ ಬರ್ತೇನಿ. ಬರೇ ಕೇಳಾಕ," ಎಂದು ನಾನಿ ಬಾಗಿಲ ಬಳಿ ಒಂದು ಗೋಣಿಚೀಲದ ಮೇಲೆ ಕುಳಿತಳು, ತನ್ನ ಹಳೆಯ ಜಾಗ ಬಿಟ್ಟು. ಶೆಡ್ಡಿನ ಎಲ್ಲರ ಎದುರಿಗೆ ಸುತ್ತುಕಾಗದ ಹರಿದು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಳು. "ಮೆಹರ್ ಹೆಸರು ಹುಡುಕು. ಮೀಮ್, ಹೇ, ರೇ," ಎಂದಳು. ನಾನು ಗತ್ತಿನಿಂದ ಕೆಮ್ಮಿದೆ. ಶುದ್ಧ ಖೇ. ಮುಖಪುಟ ತಿರುಗಿಸಿದೆ. ಮೊದಲನೇ ಪುಟದಲ್ಲೇ ಮೀಮ್, ಹೇ, ರೇ ಸಿಕ್ಕಿತು. ನನ್ನ ಅದೃಷ್ಟಕ್ಕೆ ನಾನೇ ಬೆರಗಾದೆ.

"ಚೇ... ಅಲಿಫ್... ಬೇ... ಯೇ..." ಎಂದೆ. ಸರಸರನೆ ಓದುವ ಮಾತು ದೂರ, ನಾಲ್ಕು ಅಕ್ಷರವನ್ನು ಒಂದು ಮಾತು ಮಾಡಲು ಬಾಯಿ ಬರುತ್ತಿಲ್ಲ.

"ನೀರು ಗಂಟಲದಾಗ ಸಿಕ್ಕೈತಿ," ಎಂದಳು ಮಮತಾಜ್ ಚಾಚಿ. ಎಲ್ಲರೂ ನಕ್ಕರು.

"ಚೇ, ಅಲಿಫ್, ಚಾ," ಎಂದಳು ನಾನಿ ಬಾಗಿಲಿನಿಂದ, ಮೆಲ್ಲಗೆ. "ಬೇ, ಯೇ, ಬೀ."

"ಚಾಬೀ!" ಎಂದು ಗಂಗವ್ವ ಕಿರುಚಿದಳು. "ಕೀಲಿಕೈ! ಕೀಲಿಕೈ ಸುದ್ದಿ ಬಂತು, ಸುಮ್ನ ಕುಂದರ್ರೆ!"

ಅಲ್ಲಿಂದ ಮುಂದೆ ನಡೆದದ್ದನ್ನು ಓದು ಎನ್ನಬೇಕೋ ಹಗ್ಗಜಗ್ಗಾಟ ಎನ್ನಬೇಕೋ ತಿಳಿಯದು. ನಾನು ಬರಿಯ ವ್ಯಂಜನಗಳನ್ನು ಒಂದೊಂದಾಗಿ ಎಸೆಯುತ್ತಿದ್ದೆ. ನಾನಿ ಅವನ್ನು ಜೋಡಿಸುತ್ತಿದ್ದಳು. ಬರೆಯದೆ ಬಿಟ್ಟ ಸ್ವರಗಳನ್ನು ಇಡೀ ಶೆಡ್ಡು ತುಂಬುತ್ತಿತ್ತು. ಒಬ್ಬಳಿಗೂ ಅಕ್ಷರ ಬಾರದು, ಆದರೆ ಮಾತು ಗೊತ್ತಲ್ಲ! ನಾನು "ತೇ, ಕಾಫ್" ಎನ್ನುವಷ್ಟರಲ್ಲಿ ಹತ್ತು ಬಾಯಿ ಹತ್ತು ಮಾತು ಹೇಳುತ್ತಿದ್ದವು. ಅವುಗಳಲ್ಲಿ ಸರಿಯಾದದ್ದನ್ನು ನಾನಿ ಆರಿಸುತ್ತಿದ್ದಳು. ಅರ್ಧ ಗಂಟೆ ಉರುಳಿತು. ಒಂದು ವಾಕ್ಯ ದಡ ಸೇರಿತು. ಬೀಗದ ಕೈ ಮೆಹರಳ ತಲೆದಿಂಬಿನೊಳಗೇ ಹೊಲಿದಿಟ್ಟಿದ್ದರು.

ಅತ್ತೆಯ ಪಕ್ಷ, ಮೈದುನನ ಪಕ್ಷ, ಎರಡೂ ಒಂದೇ ಏಟಿಗೆ ಮಣ್ಣು ಮುಕ್ಕಿದ್ದವು.

"ಮೊದಲನೇ ಸಾಲಿನ್ಯಾಗ ಹೇಳಿಬಿಟ್ಟ್ರೇನು?" ಎಂದಳು ಗಂಗವ್ವ. "ಮುಂದ ಏನೈತಿ?"

ಕೆಳಗೆ ಉಳಿದಿದ್ದದ್ದು ಒಂದೇ ಶಬ್ದ. ಅದನ್ನೂ ಹಿಡಿದು ಎಳೆದೆವು. "ಖತಂ" ಎಂದಿತ್ತು, ಅಂದರೆ ಮುಗಿಯಿತು.

ನಾನಿ ಕೈ ಚಾಚಿದಳು. ನನ್ನ ತೊಡೆಯ ಮೇಲಿನ ಪತ್ರಿಕೆಯ ಬೆನ್ನು ಯಾವ ಕಡೆಗಿದೆಯೆಂದು ಮುಟ್ಟಿ ನೋಡಿದಳು. "ಯಾ ಕಡಿಂದ ತಗದಿ?"

"ಪುಸ್ತಕ ತಗಿಯೂ ಕಡಿಂದ."

"ಯಾರ ಪುಸ್ತಕ?"

ಇಪ್ಪತ್ತೆರಡು ದಿನ ಬಿಡಿ ಕಾಯಿ, ಬಿಡಿ ಹಾಳೆಗಳನ್ನೇ ಓದಿದವಳಿಗೆ ಉರ್ದು ಪುಸ್ತಕದ ಬಾಗಿಲು ಬಲಗಡೆಗಿದೆ ಎಂದು ಯಾರೂ ಹೇಳಿರಲಿಲ್ಲ. ಸಾಲನ್ನು ಬಲದಿಂದ ಎಡಕ್ಕೆ ಓದಿದ ಜಾಣೆ, ಪುಸ್ತಕವನ್ನು ಮಾತ್ರ ಅಪ್ಪಟ ಕನ್ನಡತಿಯಂತೆ ತೆರೆದು, ಕಟ್ಟಕಡೆಯ ಪುಟದಿಂದ ಒಳಗೆ ನುಗ್ಗಿದ್ದೆ. ಊರೆಲ್ಲ ಕಾದ ಗುಟ್ಟನ್ನು ಕಥೆ ಶುರುವಾಗುವ ಮೊದಲೇ ಬಿಟ್ಟುಕೊಟ್ಟಿದ್ದೆ.

ಗದ್ದಲವೆಂದರೆ ಗದ್ದಲ. "ಎತ್ತಿ ಒಗೀರಿ ಈಕೀನ," ಎಂದರು. "ರಾಣೆಬೆನ್ನೂರಿಗೆ ಪಾರ್ಸಲ್ ಮಾಡ್ರಿ," ಎಂದರು. ನಾನಿ ಗೋಣಿಚೀಲದಿಂದ ಎದ್ದಳು. ಅವಳು ಮನೆಗೇ ಹೊರಟಳೆಂದು ತಿಳಿದು ನಾನೂ ಪತ್ರಿಕೆ ಮಡಚಿದೆ.

"ಏ, ತಡೀರೆ," ಎಂದಳು ಗಂಗವ್ವ, ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು. "ಕೀಲಿಕೈ ದಿಂಬಿನ್ಯಾಗ ಸಿಕ್ತು, ಖರೆ. ಹೊಲದಾವರು ಯಾರು?"

ಯಾರಿಗೂ ಗೊತ್ತಿರಲಿಲ್ಲ.

"ಅತ್ತೀನಽ ಹೊಲದಿರಬೇಕು," ಎಂದಳು ಗಂಗವ್ವ.

"ಮೈದುನಗ ಸೂಜಿ ಹಿಡಿಯಾಕ ಬರಂಗಿಲ್ಲೇನು?" ಎಂದಳು ಮಮತಾಜ್ ಚಾಚಿ.

ಎರಡು ಪಕ್ಷಗಳು ಅಲ್ಲೇ ಮತ್ತೆ ಜೀವ ಪಡೆದವು. ಗಂಗವ್ವ ಬಿಡಿಸಿದ ಕಾಯಿ ಒಂದು ಮುಷ್ಟಿ ತೆಗೆದುಕೊಂಡು ಎದ್ದು ಬಂದಳು. ನಾನು ವಿನಯದಿಂದ ಸೆರಗೊಡ್ಡುವಂತೆ ದುಪಟ್ಟಾ ಒಡ್ಡಿದೆ. ಅವಳು ನನ್ನನ್ನು ದಾಟಿ ಹೋಗಿ, ಖಾಲಿ ಬುಟ್ಟಿಯನ್ನು ಎಳೆದು ನಾನಿಯ ಮುಂದಿಟ್ಟು, ಅದರಲ್ಲಿ ಮುಷ್ಟಿ ಬಿಚ್ಚಿದಳು.

"ಓದಿದಾಕಿ ಅಕಿ," ಎಂದಳು ನಾನಿ. "ನಂಗ್ಯಾಕ?"

"ಅಕಿ ಎಲ್ಲಿ ಓದಿದ್ಲು? ಕಾಯಿ ಎಣಿಸಿದಂಗ ಅಕ್ಷರ ಎಣಿಸಿದ್ಲು. ಕಣ್ಣು ಅಕೀದು, ಓದು ನಿಂದು. ಮೊದಲನೇ ಪುಟ ತಗಸು ಬೀಬಿ, ಹೊತ್ತು ಏರಾಕತ್ತೈತಿ."

ನಾನಿ ಗುಡ್ಡೆಯ ಪಕ್ಕದ ತನ್ನ ಹಳೆಯ ಜಾಗಕ್ಕೆ ಬಂದು ಕುಳಿತು, ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ತಾನೇ ಮಗುಚಿ ಕೊಟ್ಟಳು. ಸಂಜೆಯ ಹೊತ್ತಿಗೆ ಒಂಬತ್ತು ಸಾಲು ದಾಟಿದೆವು. ಹದಿನಾಲ್ಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಯಾರೋ ನನ್ನ ಹೊದಿಕೆ ಎಳೆದರು. ಕಣ್ಣು ಬಿಟ್ಟರೆ ನಾನಿ, ಇಸ್ತ್ರಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಪತ್ರಿಕೆಯನ್ನು ಬಗಲಲ್ಲಿ ಒತ್ತಿಕೊಂಡು ನಿಂತಿದ್ದಾಳೆ.

"ಏಳು," ಎಂದಳು. "ಮಂದಿ ಕಾಯಾಕತ್ತಾರ ನಂಗ."